ದ್ವಂದ್ವಾಧಿಕಾರದ ನುಡಿ: ರಷ್ಯಾದ ಕ್ರಾಂತಿಯ ನಾಲ್ಕು ಕಥನಗಳು

1

1917ರ ಮಾರ್ಚ್ 1ರಂದು ಪೆಟ್ರೊಗ್ರಾಡ್ ನಗರದ ಕಾರ್ಮಿಕರ ಮತ್ತು ಸೈನಿಕರ ಸೋವಿಯತ್ತು ತನ್ನ ಮೊದಲನೆಯ ಆಜ್ಞಾಪತ್ರವನ್ನು ಹೊರಡಿಸಿತು. (ಈ ಲೇಖನದಲ್ಲಿ 1917ರ ತಾರೀಖುಗಳನ್ನು ರಷ್ಯಾದಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಪಂಚಾಂಗದಂತೆ ಕೊಟ್ಟಿದೆ, ನಮ್ಮ ಲೆಕ್ಕಕ್ಕೆ ಹದಿಮೂರು ದಿನ ಕೂಡಿಸಿಕೊಳ್ಳಬೇಕು.) ಅದರಲ್ಲಿ ಏಳು ಅಂಶಗಳಿದ್ದವು. ಪ್ರತಿಯೊಂದು ಪಡೆಯಲ್ಲೂ ಸೈನಿಕರು ತಮ್ಮ ಸಮಿತಿಗಳನ್ನು ಚುನಾಯಿಸಬೇಕು. ರಾಜಕೀಯ ವಿಷಯಗಳಲ್ಲಿ ಅವರು ಸೋವಿಯತ್ತಿಗೆ ಅಧೀನರು. ದೂಮಾದ ಸೈನಿಕ ಆಯೋಗದ ಆಜ್ಞೆಗಳು ಸೋವಿಯತ್ತಿನ ಆಜ್ಞೆಗಳಿಗೆ ವಿರುದ್ಧವಾಗಿಲ್ಲದಿದ್ದರೆ ಮಾತ್ರ ಪಾಲನೆಗೆ ಅರ್ಹ. ಆಯುಧಗಳು ಸಮಿತಿಗಳ ವಶದಲ್ಲಿರತಕ್ಕದ್ದು. ಇತಿಹಾಸಕಾರರು ಸಾಮಾನ್ಯವಾಗಿ ಈ ಅಂಶಗಳ ಮುಂದೆ ನಿಲ್ಲುತ್ತಾರೆ. ಸೈನ್ಯದ ಶಿಸ್ತು ಒಡೆದದ್ದು ಇಲ್ಲಿಂದ ಎಂದು ಒಬ್ಬರು, ಪ್ರಜೆಗಳ ಕೈಗೆ ಅಧಿಕಾರ ಬಂದದ್ದು ಇಲ್ಲಿಂದ ಎಂದು ಇನ್ನೊಬ್ಬರು ಬರೆದಿದ್ದಾರೆ. ಏಳನೆಯ ಅಂಶದ ಮುಂದೆ ನಿಲ್ಲುವವರು ಕಡಿಮೆ. ಆ ಅಂಶವು ಅಧಿಕಾರಿಗಳನ್ನು 'ಘನತೆವೆತ್ತ' ಮುಂತಾದ ಬಿರುದುಗಳಿಂದ ಕರೆಯುವುದನ್ನು ರದ್ದುಪಡಿಸುತ್ತದೆ. ಜೊತೆಗೆ ಅಧಿಕಾರಿಗಳು ಸೈನಿಕರನ್ನು 'ತಿ' ಎಂದು ಕರೆಯಕೂಡದೆಂದು ವಿಧಿಸುತ್ತದೆ.

'ತಿ' ಎಂದರೆ ನೀನು. 'ವಿ' ಎಂದರೆ ನೀವು. ಇಂಗ್ಲಿಷ್ ಭಾಷಾಂತರದಲ್ಲಿ ಈ ಅಂಶಕ್ಕೆ ವಿವರಣೆಯ ಟಿಪ್ಪಣಿ ಬೇಕಾಗುತ್ತದೆ. ಕನ್ನಡದ ಓದುಗನಿಗೆ ಬೇಕಾಗುವುದಿಲ್ಲ. ಕಚೇರಿಯ ಮೇಜಿನ ಆಚೆಗಿರುವವನು 'ನೀನು' ಎಂದಾಗ ಈಚೆಗಿರುವವನ ಮುಖ ಹೇಗಾಗುತ್ತದೆಂಬುದು ನಮಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಚಕ್ರವರ್ತಿ ಎರಡನೆಯ ನಿಕೊಲಸ್ ಪದತ್ಯಾಗಕ್ಕೆ ಸಹಿ ಹಾಕಿದ್ದು ಮರುದಿನ, ಮಾರ್ಚ್ 2ರಂದು. ಎಂದರೆ, ಸಾಮ್ರಾಜ್ಯ ಕಾಗದದ ಮೇಲೆ ಮುಗಿಯುವುದಕ್ಕೆ ಒಂದು ದಿನ ಮೊದಲೇ ಅದರ ಸರ್ವನಾಮವೊಂದು ನಿಷೇಧಕ್ಕೊಳಗಾಗಿತ್ತು.

1917ರ ಫೆಬ್ರವರಿಯಿಂದ ಅಕ್ಟೋಬರ್‌ವರೆಗಿನ ಎಂಟು ತಿಂಗಳುಗಳನ್ನೂ ಅವುಗಳ ಬೆನ್ನಿಗೆ ಬಂದ ಒಡಕಿನ ವರ್ಷಗಳನ್ನೂ ಕುರಿತ ನಾಲ್ಕು ಪುಸ್ತಕಗಳನ್ನು ಈ ಲೇಖನವು ಒಟ್ಟಿಗೆ ಇಟ್ಟು ನೋಡುತ್ತದೆ. ಅವು ನಿಕೊಲಾಯ್ ಸುಖಾನೊವ್ ಅವರ ಕ್ರಾಂತಿಯ ಟಿಪ್ಪಣಿಗಳು, ಲಿಯೊನ್ ಟ್ರಾಟ್ಸ್ಕಿ ಅವರ 'ರಷ್ಯನ್ ಕ್ರಾಂತಿಯ ಇತಿಹಾಸ', ವೊಲೊದಿಮಿರ್ ವಿನ್ನಿಚೆಂಕೊ ಅವರ 'ರಾಷ್ಟ್ರದ ಪುನರುಜ್ಜೀವನ' ಮತ್ತು ಮಿಖಾಯಿಲ್ ಬುಲ್ಗಾಕೊವ್ ಅವರ ಕಾದಂಬರಿ 'ಶ್ವೇತ ಪಡೆ'. ಒಂದು ಸ್ಮೃತಿಕಥನ, ಒಂದು ಇತಿಹಾಸ, ಒಬ್ಬ ಸೋತ ರಾಜಕಾರಣಿಯ ಆತ್ಮಶೋಧನೆ, ಒಂದು ಕಾದಂಬರಿ. ಅಧಿಕಾರ ಇಬ್ಬರ ಕೈಯಲ್ಲಿದ್ದಾಗ ಜನ ಯಾರ ಮಾತನ್ನು, ಯಾವ ಮಾತಿನಲ್ಲಿ ಕೇಳುತ್ತಾರೆ ಎಂಬ ಪ್ರಶ್ನೆಗೆ ಈ ನಾಲ್ಕೂ ಉತ್ತರ ಕೊಡುತ್ತವೆ. ಆದರೆ ಪ್ರತಿಯೊಂದೂ ಆ ಪ್ರಶ್ನೆಯ ಒಂದು ಭಾಗವನ್ನು ಕೇಳಿಸಿಕೊಳ್ಳುವುದಿಲ್ಲ. ಆ ಕಿವುಡಿನ ಸ್ವರೂಪವನ್ನು ಗುರುತಿಸುವುದು ಈ ಲೇಖನದ ಉದ್ದೇಶ.

2

ಮೊದಲು ಪದದ ವಿಚಾರ. ರಷ್ಯನ್ನರು 'ದ್ವೊಯೆವ್ಲಾಸ್ತಿಯೆ' ಎಂದು ಕರೆದ ಸ್ಥಿತಿಗೆ ಕನ್ನಡದಲ್ಲಿ ಏನೆನ್ನಬೇಕು? ನಮ್ಮ ಶಾಲಾ ಪಠ್ಯಗಳು 'ದ್ವಿಪ್ರಭುತ್ವ' ಎಂಬ ಪದವನ್ನು ಬಲ್ಲವು. 1765ರಲ್ಲಿ ರಾಬರ್ಟ್ ಕ್ಲೈವ್ ಬಂಗಾಳದಲ್ಲಿ ತಂದ ವ್ಯವಸ್ಥೆಗೆ ಅದು ಸಲ್ಲುತ್ತದೆ. ಕಂದಾಯ ಕಂಪನಿಗೆ, ಆಡಳಿತದ ಹೊಣೆ ನವಾಬನಿಗೆ: ಅದು ಲಾಭದವನು ಲೆಕ್ಕಹಾಕಿ ಮಾಡಿದ ಏರ್ಪಾಡು. ಪೆಟ್ರೊಗ್ರಾಡಿನದು ಯಾರೂ ಏರ್ಪಡಿಸದ ಸ್ಥಿತಿ. ಫೆಬ್ರವರಿ 27ರಂದು ಟೌರೈಡ್ ಅರಮನೆಯ ಒಂದು ಭಾಗದಲ್ಲಿ ದೂಮಾದ ತಾತ್ಕಾಲಿಕ ಸಮಿತಿ ಕೂಡಿತು. ಅದೇ ಅರಮನೆಯ ಇನ್ನೊಂದು ಭಾಗದಲ್ಲಿ ಸೋವಿಯತ್ತು ಕೂಡಿತು. ಮೊದಲನೆಯದರಿಂದ ಮಾರ್ಚ್ 2ರಂದು ರಾಜಕುಮಾರ ಲ್ವೊವ್ ನೇತೃತ್ವದ ತಾತ್ಕಾಲಿಕ ಸರ್ಕಾರ ಹುಟ್ಟಿತು. ಅದಕ್ಕೆ ಮಂತ್ರಿಗಳಿದ್ದರು, ಮುದ್ರೆಯಿತ್ತು, ಮಿತ್ರರಾಷ್ಟ್ರಗಳ ಮಾನ್ಯತೆಯಿತ್ತು. ಎರಡನೆಯದಕ್ಕೆ ಸೈನಿಕರೂ ರೈಲ್ವೆಯವರೂ ಅಂಚೆತಂತಿಯವರೂ ಕಿವಿಗೊಡುತ್ತಿದ್ದರು. ಸರ್ಕಾರದ ಆಜ್ಞೆಗಳು ಸೋವಿಯತ್ತು ಬಿಟ್ಟಷ್ಟು ಮಾತ್ರ ನಡೆಯುತ್ತವೆಂದು ಯುದ್ಧಮಂತ್ರಿ ಗುಚ್ಕೊವ್ ಸೇನಾಧಿಪತಿ ಅಲೆಕ್ಸೆಯೆವ್ ಅವರಿಗೆ ಒಂದೇ ವಾರದಲ್ಲಿ ಬರೆದು ತಿಳಿಸಬೇಕಾಯಿತು.

ಆದ್ದರಿಂದ ಇಲ್ಲಿ 'ದ್ವಂದ್ವಾಧಿಕಾರ' ಎಂಬ ಪದವನ್ನು ಬಳಸಿದ್ದೇನೆ. ದ್ವಂದ್ವ ಎಂದರೆ ಜೋಡಿಯೂ ಹೌದು, ಕಾಳಗವೂ ಹೌದು. ವ್ಯಾಕರಣದಲ್ಲಿ ದ್ವಂದ್ವ ಸಮಾಸವೆಂದರೆ ಕೂಡಿದ ಪದಗಳೆಲ್ಲ ಪ್ರಧಾನವಾಗಿ ಉಳಿಯುವ ಸಮಾಸ. 1917ರ ವಸಂತದಲ್ಲಿ ರಷ್ಯಾ ಅಂಥದೊಂದು ಸಮಾಸವಾಗಿತ್ತು. ಅದು ಬಹುಕಾಲ ಹಾಗೆಯೇ ಉಳಿಯಲಾರದೆಂದು ಲೆನಿನ್ ಏಪ್ರಿಲ್ 9ರ 'ಪ್ರಾವ್ದಾ'ದಲ್ಲಿ ಇದೇ ಶೀರ್ಷಿಕೆಯ ಲೇಖನ ಬರೆದು ವಾದಿಸಿದರು.

ಸೋವಿಯತ್ತಿನ ನಾಯಕರು ತಾತ್ಕಾಲಿಕ ಸರ್ಕಾರಕ್ಕೆ ಕೊಟ್ಟ ಬೆಂಬಲದ ಸೂತ್ರವೂ ನುಡಿಯ ದೃಷ್ಟಿಯಿಂದ ಗಮನಾರ್ಹ. ರಷ್ಯನ್ನಿನಲ್ಲಿ ಅದು 'ಪಸ್ತೋಲ್ಕು–ಪಸ್ಕೋಲ್ಕು'. ಕನ್ನಡದ 'ಎಷ್ಟರ ಮಟ್ಟಿಗೋ ಅಷ್ಟರ ಮಟ್ಟಿಗೆ' ಎಂಬ ಜೋಡಿ ಅದಕ್ಕೆ ಸರಿಹೊಂದುತ್ತದೆ. ಸರ್ಕಾರ ಎಷ್ಟರ ಮಟ್ಟಿಗೆ ಕ್ರಾಂತಿಯ ದಾರಿಯಲ್ಲಿ ನಡೆಯುತ್ತದೋ ಅಷ್ಟರ ಮಟ್ಟಿಗೆ ಬೆಂಬಲ. ಮಾತಿಗೆ ಇದು ನ್ಯಾಯವಾಗಿಯೇ ಇದೆ. ಆದರೆ ಅಳತೆಗೋಲು ಯಾರ ಕೈಯಲ್ಲಿ ಎಂಬುದನ್ನು ಈ ವಾಕ್ಯ ಹೇಳುವುದಿಲ್ಲ. ಆ ಎಂಟು ತಿಂಗಳ ಅಸ್ಥಿರತೆಯೆಲ್ಲ ಈ ಹೇಳದ ಜಾಗದಿಂದ ಹೊರಟದ್ದು. ಏಪ್ರಿಲ್‌ನಲ್ಲಿ ಯುದ್ಧದ ಗುರಿಗಳ ಬಗ್ಗೆ ವಿದೇಶಮಂತ್ರಿ ಮಿಲ್ಯುಕೊವ್ ಕಳಿಸಿದ ಪತ್ರ ಬೀದಿಗೆ ಬೆಂಕಿಯಿಟ್ಟಿತು. ಅವರೂ ಗುಚ್ಕೊವ್ ಅವರೂ ಹುದ್ದೆ ಬಿಟ್ಟರು. ಮೇ 5ರಂದು ಸಮಾಜವಾದಿಗಳು ಮಂತ್ರಿಗಳಾದ ಮೊದಲ ಸಮ್ಮಿಶ್ರ ಸರ್ಕಾರ ಬಂತು. ಜುಲೈಯಲ್ಲಿ ಎರಡನೆಯದು, ಸೆಪ್ಟೆಂಬರ್‌ನಲ್ಲಿ ಮೂರನೆಯದು. ಎಂಟು ತಿಂಗಳು ತುಂಬುವುದರೊಳಗೆ ನಾಲ್ಕು ಮಂತ್ರಿಮಂಡಲಗಳು.

3

ಸುಖಾನೊವ್ ಇದನ್ನೆಲ್ಲ ಹತ್ತಿರದಿಂದ ಕಂಡವರು. ಯಾವ ಪಕ್ಷಕ್ಕೂ ಪೂರ್ತಿ ಒಗ್ಗದ ಸಮಾಜವಾದಿ ಪತ್ರಕರ್ತ. ಸೋವಿಯತ್ತಿನ ಕಾರ್ಯಕಾರಿ ಸಮಿತಿಯ ಸದಸ್ಯ. ಮಾರ್ಚ್ 1ರ ರಾತ್ರಿ ಮಿಲ್ಯುಕೊವ್ ಜೊತೆ ಹೊಸ ಸರ್ಕಾರದ ಷರತ್ತುಗಳನ್ನು ಚರ್ಚಿಸಿದ ನಿಯೋಗದಲ್ಲಿದ್ದವರು. ಅವರ ಟಿಪ್ಪಣಿಗಳು ಏಳು ಸಂಪುಟಗಳಲ್ಲಿ 1922–23ರಲ್ಲಿ ಪ್ರಕಟವಾದವು. ಇದು ಇತಿಹಾಸವಲ್ಲ, ತಾನು ಕಂಡದ್ದು ಮಾತ್ರ ಎಂದು ಅವರು ಮೊದಲೇ ಹೇಳಿಕೊಳ್ಳುತ್ತಾರೆ. ಈ ವಿನಯದ ಹಿಂದೆ ಅಹಂಕಾರವೂ ಇದೆ. ಪುಟಗಟ್ಟಲೆ ಅವರು ತಮ್ಮ ಊಟ, ನಿದ್ದೆ, ಬೇಸರ, ಇತರರ ದಡ್ಡತನಗಳ ಬಗ್ಗೆ ಬರೆಯುತ್ತಾರೆ. ಆದರೆ ಈ ಅಡ್ಡಮಾತುಗಳ ನಡುವೆಯೇ ಅಪರೂಪದ ದೃಶ್ಯಗಳು ಸಿಗುತ್ತವೆ.

ಮೊದಲನೆಯ ಆಜ್ಞಾಪತ್ರ ಹುಟ್ಟಿದ ದೃಶ್ಯ ಅಂಥದು. ವಕೀಲ ಸೊಕೊಲೊವ್ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದಾರೆ. ಸುತ್ತಲೂ ಸೈನಿಕರು ನಿಂತು, ಕುಳಿತು, ಮೇಜಿನ ಮೇಲೆ ಬಾಗಿ, ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದಾರೆ. ಟಾಲ್‌ಸ್ಟಾಯ್ ಯಾಸ್ನಯಾ ಪೊಲ್ಯಾನಾದಲ್ಲಿ ಹಳ್ಳಿಯ ಮಕ್ಕಳ ಜೊತೆ ಕೂತು ಕಥೆ ಕಟ್ಟುತ್ತಿದ್ದುದು ಸುಖಾನೊವ್ ಅವರ ನೆನಪಿಗೆ ಬರುತ್ತದೆ. ಹೋಲಿಕೆ ಸುಂದರವಾಗಿದೆ, ಸ್ವಲ್ಪ ಮೇಲಿನಿಂದ ನೋಡುವಂಥದೂ ಆಗಿದೆ. ಸೈನಿಕರು ಅಲ್ಲಿ ಮಕ್ಕಳಾಗುತ್ತಾರೆ. ತಮ್ಮನ್ನು 'ನೀನು' ಎಂದು ಕರೆಯಬಾರದೆಂದು ಬರೆಸುತ್ತಿರುವವರನ್ನು ಬರೆಯುತ್ತಿರುವ ಬುದ್ಧಿಜೀವಿ ಮನಸ್ಸಿನಲ್ಲೇ 'ನೀವು' ಎನ್ನಲಾರದೆ ಹೋಗುವುದನ್ನು ಈ ಹೋಲಿಕೆ ಬಿಟ್ಟುಕೊಡುತ್ತದೆ.

ಸುಖಾನೊವ್ ಅವರ ಸೈದ್ಧಾಂತಿಕ ನಿಲುವೂ ಇದೇ ಗುಣದ್ದು. ರಷ್ಯಾದ ಈ ಕ್ರಾಂತಿ ಮಧ್ಯಮವರ್ಗದ್ದು, ಆದ್ದರಿಂದ ಸರ್ಕಾರವನ್ನು ಮಧ್ಯಮವರ್ಗವೇ ವಹಿಸಿಕೊಳ್ಳಬೇಕು. ನಾವು ಹೊರಗಿದ್ದು ಷರತ್ತು ಹಾಕೋಣ ಎಂಬುದು ಅವರ ಮತ್ತು ಸೋವಿಯತ್ತಿನ ಬಹುಪಾಲು ನಾಯಕರ ನಂಬಿಕೆ. ಅಧಿಕಾರದ ಹಂಚಿಕೆ ಎಂದು ಕಂಡದ್ದು ವಾಸ್ತವದಲ್ಲಿ ಹೊಣೆಯ ಹಂಚಿಕೆಯಾಗಿತ್ತು: ಒಬ್ಬರಿಗೆ ಬಲವಿಲ್ಲದ ಹೊಣೆ, ಇನ್ನೊಬ್ಬರಿಗೆ ಹೊಣೆಯಿಲ್ಲದ ಬಲ. ತಮ್ಮ ಪುಸ್ತಕದ ಕೊನೆಗೆ ಸುಖಾನೊವ್ ಇದನ್ನು ಅರಿಯುತ್ತಾರೆ. ಅಕ್ಟೋಬರ್ 25ರಂದು ಸೋವಿಯತ್ ಸಮ್ಮೇಳನದಿಂದ ತಮ್ಮ ಗುಂಪು ಎದ್ದುಹೋದದ್ದನ್ನು ಅಕ್ಷಮ್ಯ ತಪ್ಪೆಂದು ಒಪ್ಪಿಕೊಳ್ಳುತ್ತಾರೆ. ದಂಗೆಯ ನಿರ್ಧಾರವಾದ ಅಕ್ಟೋಬರ್ 10ರ ಬೋಲ್ಶೆವಿಕ್ ಸಭೆ ಅವರದೇ ಮನೆಯಲ್ಲಿ, ಅವರಿಗೆ ತಿಳಿಯದಂತೆ, ಬೋಲ್ಶೆವಿಕ್ ಆಗಿದ್ದ ಅವರ ಹೆಂಡತಿಯ ಏರ್ಪಾಡಿನಲ್ಲಿ ನಡೆಯಿತು. ಇದನ್ನು ಅವರು ನಗುತ್ತಲೇ ಬರೆದಿದ್ದಾರೆ. ಮುಂದೆ 1931ರಲ್ಲಿ ಅವರ ಮೇಲೆ ವಿಚಾರಣೆ ನಡೆಯಿತು. 1940ರಲ್ಲಿ ಅವರನ್ನು ಗುಂಡಿಕ್ಕಿ ಕೊಂದರು.

ಏಳು ಸಂಪುಟಗಳಲ್ಲಿ ಸುಖಾನೊವ್ ಪೆಟ್ರೊಗ್ರಾಡ್ ನಗರವನ್ನು ಬಿಟ್ಟು ಹೊರಗೆ ಹೆಚ್ಚು ಹೋಗುವುದಿಲ್ಲ. ಅವರ ಕ್ರಾಂತಿ ಒಂದು ನಗರದ, ಒಂದು ಭಾಷೆಯ ಕ್ರಾಂತಿ.

4

ಟ್ರಾಟ್ಸ್ಕಿ 1917ರ ಮೇ ತಿಂಗಳವರೆಗೆ ರಷ್ಯಾದಲ್ಲಿರಲಿಲ್ಲ. ಫೆಬ್ರವರಿಯನ್ನು ಅವರು ಬರೆದದ್ದು ಕಡತಗಳಿಂದ, ಪತ್ರಿಕೆಗಳಿಂದ, ಮತ್ತು ಬಹುಮಟ್ಟಿಗೆ ಸುಖಾನೊವ್ ಅವರಿಂದಲೇ. ದೇಶಭ್ರಷ್ಟರಾಗಿ ಪ್ರಿನ್ಕಿಪೊ ದ್ವೀಪದಲ್ಲಿದ್ದಾಗ ರಚಿಸಿದ ಆ ಇತಿಹಾಸದಲ್ಲಿ ಅವರು ತಮ್ಮನ್ನು ಪ್ರಥಮ ಪುರುಷದಲ್ಲಿ, 'ಟ್ರಾಟ್ಸ್ಕಿ' ಎಂದೇ ಕರೆದುಕೊಳ್ಳುತ್ತಾರೆ. ಸುಖಾನೊವ್ 'ನಾನು' ಎಂದು ಬರೆದು ಅಂಚಿನಲ್ಲಿ ಉಳಿದರೆ, ಟ್ರಾಟ್ಸ್ಕಿ 'ಅವನು' ಎಂದು ಬರೆದು ನಡುವೆ ನಿಲ್ಲುತ್ತಾರೆ.

ದ್ವಂದ್ವಾಧಿಕಾರವನ್ನು ಕುರಿತ ಅವರ ಅಧ್ಯಾಯ ಈ ವಿಷಯದ ಮೇಲೆ ಬಂದಿರುವ ಅತ್ಯಂತ ಸಾಂದ್ರ ಬರಹಗಳಲ್ಲೊಂದು. ಅಧಿಕಾರ ಎರಡಾಗುವುದು ರಷ್ಯಾದ ವಿಚಿತ್ರವಲ್ಲ, ಎಲ್ಲ ಕ್ರಾಂತಿಗಳ ಲಕ್ಷಣ ಎಂಬುದು ಅವರ ವಾದ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್‌ನ ರಾಜ ಮತ್ತು ಲಂಡನ್ನಿನ ಪಾರ್ಲಿಮೆಂಟು, ಆಮೇಲೆ ಪಾರ್ಲಿಮೆಂಟು ಮತ್ತು ಕ್ರಾಮ್‌ವೆಲ್ಲನ ಸೈನ್ಯ. ಫ್ರಾನ್ಸಿನಲ್ಲಿ ಅರಸೊತ್ತಿಗೆ ಮತ್ತು ಸಂವಿಧಾನ ಸಭೆ, ಆಮೇಲೆ ಸಭೆ ಮತ್ತು ಪ್ಯಾರಿಸ್ ಕಮ್ಯೂನ್. ಎರಡು ವರ್ಗಗಳು ಪ್ರಭುತ್ವದ ತುಂಡುಗಳನ್ನು ಹಿಡಿದು ನಿಂತಾಗ ಅದು ಸಂವಿಧಾನದ ವ್ಯವಸ್ಥೆಯಲ್ಲ, ಮುಗಿಯಲೇಬೇಕಾದ ಹೋರಾಟ. ಈ ತುಲನೆ ಓದುಗನಿಗೆ ಬೆಳಕು ಕೊಡುತ್ತದೆ. ಆದರೆ ಅದರ ಓಘವೇ ಒಂದು ತೊಡಕು. ಎಲ್ಲ ನದಿಗಳೂ ಅಕ್ಟೋಬರ್ ಸಮುದ್ರಕ್ಕೆ ಹರಿಯುತ್ತಿರುವಾಗ ದಡದಲ್ಲಿ ನಿಂತ ಊರುಗಳು ಕೇವಲ ಗುರುತಿನ ಕಲ್ಲುಗಳಾಗಿಬಿಡುತ್ತವೆ. 'ಎರಡು' ಎಂಬ ಸಂಖ್ಯೆಯನ್ನು ಅವರು ಪ್ರಶ್ನಿಸುವುದೇ ಇಲ್ಲ.

ಟ್ರಾಟ್ಸ್ಕಿ ರಾಷ್ಟ್ರೀಯತೆಗಳ ಪ್ರಶ್ನೆಗೆ ಮೂರನೆಯ ಸಂಪುಟದಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದ್ದಾರೆಂಬುದನ್ನು ಮರೆಯಬಾರದು. ಯುಕ್ರೇನಿನಲ್ಲಿ ಜಮೀನ್ದಾರ, ವಕೀಲ, ವ್ಯಾಪಾರಿ, ಪತ್ರಕರ್ತ ಇವರೆಲ್ಲ ರಷ್ಯನ್ನರು, ಪೋಲಿಷರು, ಯೆಹೂದಿಗಳು. ನೇಗಿಲು ಹಿಡಿದವನು ಮಾತ್ರ ಯುಕ್ರೇನಿಯನ್ ಎಂಬ ಅವರ ವಿಶ್ಲೇಷಣೆ ನಿಖರವಾಗಿದೆ. ಭಾಷೆಯ ಪ್ರಶ್ನೆ ಭೂಮಿಯ ಪ್ರಶ್ನೆಯ ಮೇಲುಹೊದಿಕೆ ಎಂಬ ನಿರ್ಣಯಕ್ಕೆ ಅವರು ಬರುತ್ತಾರೆ. ಅರ್ಧ ಸತ್ಯ. ಹೊದಿಕೆ ಎಂದು ಕರೆದ ಮೇಲೆ ಅದನ್ನು ಹೊದ್ದವನ ಚಳಿಯನ್ನು ವಿವರಿಸುವ ಅಗತ್ಯ ಉಳಿಯುವುದಿಲ್ಲ.

5

ಕೀವ್ ನಗರದಲ್ಲಿ 1917ರಲ್ಲಿ ಇದ್ದದ್ದು ಎರಡು ಅಧಿಕಾರಗಳಲ್ಲ, ಮೂರು. ತಾತ್ಕಾಲಿಕ ಸರ್ಕಾರದ ಪ್ರತಿನಿಧಿಗಳೂ ಸೈನಿಕ ವಲಯದ ಕಚೇರಿಯೂ ಒಂದು ಕಡೆ, ಕಾರ್ಮಿಕ–ಸೈನಿಕರ ಸೋವಿಯತ್ತುಗಳು ಇನ್ನೊಂದು ಕಡೆ, ಮತ್ತು ಮಾರ್ಚ್ ತಿಂಗಳಲ್ಲಿ ರೂಪುಗೊಂಡ ಯುಕ್ರೇನಿಯನ್ ಕೇಂದ್ರೀಯ ರಾದಾ. ರಾದಾದ ಅಧ್ಯಕ್ಷರು ಇತಿಹಾಸಕಾರ ಹ್ರುಶೆವ್ಸ್ಕಿ; ಅದರ ಕಾರ್ಯಾಂಗದ ಮುಖ್ಯಸ್ಥರು ಕಾದಂಬರಿಕಾರ, ನಾಟಕಕಾರ ವಿನ್ನಿಚೆಂಕೊ. 1876ರ ರಾಜಾಜ್ಞೆಯಿಂದ ತಮ್ಮ ಭಾಷೆಯಲ್ಲಿ ಪುಸ್ತಕ ಅಚ್ಚಿಸುವುದಕ್ಕೇ ನಿರ್ಬಂಧವಿದ್ದ, 1905ರವರೆಗೂ ಆ ನಿರ್ಬಂಧದಡಿ ಬದುಕಿದ ಜನಾಂಗದಲ್ಲಿ ಲೇಖಕರು ಸರ್ಕಾರದ ಮುಖ್ಯಸ್ಥರಾದದ್ದು ಆಕಸ್ಮಿಕವಲ್ಲ. ಅಲ್ಲಿ ಬರೆಯುವುದೇ ರಾಜಕೀಯವಾಗಿತ್ತು.

ಜೂನ್ 10ರಂದು ರಾದಾ ತನ್ನ ಮೊದಲ ಘೋಷಣೆಯಲ್ಲಿ ಸ್ವಾಯತ್ತತೆಯನ್ನು ಸಾರಿತು. ತಿಂಗಳ ಕೊನೆಗೆ ಕೆರೆನ್ಸ್ಕಿ, ತೆರೆಶ್ಚೆಂಕೊ, ತ್ಸೆರೆತೆಲಿ ಎಂಬ ಮೂವರು ಮಂತ್ರಿಗಳು ಪೆಟ್ರೊಗ್ರಾಡಿನಿಂದ ಕೀವಿಗೆ ಬಂದು ಒಪ್ಪಂದ ಮಾಡಿಕೊಂಡರು. ಆ ಒಪ್ಪಂದವನ್ನು ಪ್ರತಿಭಟಿಸಿ ಜುಲೈ 2ರಂದು ಉದಾರವಾದಿ ಕಡೆತ್ ಪಕ್ಷದ ಮಂತ್ರಿಗಳು ರಾಜೀನಾಮೆ ಕೊಟ್ಟರು. ಮರುದಿನವೇ ಪೆಟ್ರೊಗ್ರಾಡಿನ ಬೀದಿಗಳಲ್ಲಿ ಜುಲೈ ದಂಗೆ. ಪೆಟ್ರೊಗ್ರಾಡ್ ಕೇಂದ್ರಿತ ಕಥನಗಳಲ್ಲಿ ಯುಕ್ರೇನಿನ ವಿಷಯ ಕಡೆತ್ತರ ನೆಪವಾಗಿ ಬಂದು ಹೋಗುತ್ತದೆ. ನೆಪವೇ ಇರಬಹುದು. ಆದರೆ ಒಂದು ಸರ್ಕಾರ ಉರುಳುವುದಕ್ಕೆ ಸಾಕಾಗುವಷ್ಟು ದೊಡ್ಡ ನೆಪ ಯಾವುದೆಂದು ಕೇಳುವ ಹಕ್ಕು ಓದುಗನಿಗಿದೆ. ಯುದ್ಧ, ಭೂಮಿ, ಎಂಟು ಗಂಟೆಯ ದುಡಿಮೆ ಇವುಗಳ ಮೇಲೆ ಸಮಾಜವಾದಿಗಳೊಡನೆ ಎರಡು ತಿಂಗಳು ಹೇಗೋ ಹೊಂದಿಕೊಂಡವರು ಇನ್ನೊಂದು ಭಾಷೆಯವರ ಸಭೆಗೆ ಸೀಮಿತ ಅಧಿಕಾರವನ್ನು ಒಪ್ಪುವಲ್ಲಿ ಎದ್ದುಹೋದರು.

ವಿನ್ನಿಚೆಂಕೊ ಅವರ ಮೂರು ಭಾಗಗಳ ಪುಸ್ತಕ 1920ರಲ್ಲಿ ಬಂತು. ಸೋತವರು ಬರೆಯುವ ಪುಸ್ತಕಗಳಲ್ಲಿ ಸಾಮಾನ್ಯವಾಗಿ ತಪ್ಪು ಇತರರದಾಗಿರುತ್ತದೆ. ಇದು ಹಾಗಿಲ್ಲದಿರುವುದೇ ಇದರ ಹಿರಿಮೆ. 1918ರ ಆರಂಭದಲ್ಲಿ ಬೋಲ್ಶೆವಿಕ್ ಪಡೆಗಳು ಕೀವಿನತ್ತ ಬರುತ್ತಿದ್ದಾಗ ಜನಸಾಮಾನ್ಯರೇ ತಮ್ಮ ವಿರುದ್ಧ ತಿರುಗಿದ್ದನ್ನು ಅವರು ಮುಚ್ಚಿಡದೆ ಬರೆಯುತ್ತಾರೆ. ಅವರನ್ನು ಹೆಚ್ಚು ನೋಯಿಸಿದ್ದು ರಾದಾವನ್ನು ಬೈಯುತ್ತಿದ್ದವರು ಅದರ ಜೊತೆಗೆ ಯುಕ್ರೇನಿಯನ್ ಆದದ್ದನ್ನೆಲ್ಲ, ನುಡಿಯನ್ನೂ ಶಾಲೆಯನ್ನೂ ಹಾಡನ್ನೂ, ಹಂಗಿಸುತ್ತಿದ್ದುದು. ಹಾಗೆ ಹಂಗಿಸುತ್ತಿದ್ದವರೂ ಯುಕ್ರೇನಿಯನ್ನರೇ ಆಗಿದ್ದುದು. ಭೂಮಿಯ ಹಂಚಿಕೆಯನ್ನು ಘೋಷಿಸಿ ನಡೆಸದೆಹೋದ ಸರ್ಕಾರದ ಹೆಸರಿಗೆ ತಾಯ್ನುಡಿಯನ್ನು ಕಟ್ಟಿದ್ದರಿಂದ ಸರ್ಕಾರದ ಸೋಲು ನುಡಿಯ ಅವಮಾನವಾಯಿತು ಎಂಬುದು ಅವರ ತಿಳಿವಳಿಕೆಯ ಸಾರ. ಟ್ರಾಟ್ಸ್ಕಿ ಹೊರಗಿನಿಂದ ಹೇಳಿದ್ದನ್ನೇ ವಿನ್ನಿಚೆಂಕೊ ಒಳಗಿನಿಂದ ಹೇಳುತ್ತಾರೆ. ಅಲ್ಲಿ ಅದು ವಿಶ್ಲೇಷಣೆ, ಇಲ್ಲಿ ಗಾಯ.

6

ಬುಲ್ಗಾಕೊವ್ ಹುಟ್ಟಿದ್ದು 1891ರಲ್ಲಿ, ಕೀವಿನಲ್ಲಿ. ವೃತ್ತಿಯಿಂದ ವೈದ್ಯ. ತಮ್ಮ ಊರು ಈ ವರ್ಷಗಳಲ್ಲಿ ಹದಿನಾಲ್ಕು ಬಾರಿ ಕೈಬದಲಾಯಿಸಿತೆಂದೂ ಅದರಲ್ಲಿ ಹತ್ತಕ್ಕೆ ತಾವೇ ಸಾಕ್ಷಿಯೆಂದೂ 1923ರ ಒಂದು ಬರಹದಲ್ಲಿ ಲೆಕ್ಕ ಕೊಡುತ್ತಾರೆ. 'ಶ್ವೇತ ಪಡೆ' 1925ರಲ್ಲಿ ಮಾಸ್ಕೋದ 'ರೊಸ್ಸಿಯಾ' ಪತ್ರಿಕೆಯಲ್ಲಿ ಅರ್ಧಕ್ಕೆ ನಿಂತಿತು, ಏಕೆಂದರೆ ಪತ್ರಿಕೆಯೇ ನಿಂತಿತು. ಕಥೆ 1918ರ ಡಿಸೆಂಬರ್‌ನದು. ಜರ್ಮನ್ನರ ನೆರಳಿನಲ್ಲಿ ಆಳುತ್ತಿದ್ದ ಹೆತ್ಮನ್ ಸ್ಕೊರೊಪಾಡ್ಸ್ಕಿ ಓಡಿಹೋಗುತ್ತಾನೆ, ಪೆಟ್ಲ್ಯೂರಾನ ಪಡೆ ನಗರವನ್ನು ಹೊಗುತ್ತದೆ, ಕೊನೆಯಲ್ಲಿ ಬೋಲ್ಶೆವಿಕರು ನದಿಯಾಚೆ ಬಂದು ನಿಂತಿದ್ದಾರೆ. ಈ ನಡುವೆ ತುರ್ಬಿನ್ ಕುಟುಂಬದ ಅಲೆಕ್ಸೇಯ್, ಯೆಲೆನಾ, ನಿಕೋಲ್ಕಾ ತಮ್ಮ ಮನೆಯ ಬೆಚ್ಚಗಿನ ಹೆಂಚಿನ ಒಲೆಯ ಸುತ್ತ ಬದುಕನ್ನು ಹಿಡಿದಿಟ್ಟುಕೊಳ್ಳಲು ನೋಡುತ್ತಾರೆ. ಆ ಒಲೆಯ ಬಿಳಿ ಹೆಂಚುಗಳ ಮೇಲೆ ಮನೆಯವರೂ ಸ್ನೇಹಿತರೂ ಏನೇನೋ ಬರೆದಿದ್ದಾರೆ. ಆಳ್ವಿಕೆ ಬದಲಾದಂತೆ ಕೆಲವನ್ನು ಅಳಿಸಬೇಕಾಗುತ್ತದೆ.

ಒಡೆದ ಅಧಿಕಾರದಡಿ ಬದುಕುವುದೆಂದರೆ ಗುರುತುಗಳನ್ನು ನಿಭಾಯಿಸುವುದು ಎಂಬುದನ್ನು ಈ ಕಾದಂಬರಿಯಷ್ಟು ಚೆನ್ನಾಗಿ ತಿಳಿದ ಪುಸ್ತಕ ಆ ಕಾಲದ ಬಗ್ಗೆ ಇನ್ನೊಂದಿಲ್ಲ. ಯೆಲೆನಾಳ ಗಂಡ ಟಾಲ್ಬರ್ಗ್ 1917ರ ಮಾರ್ಚ್‌ನಲ್ಲಿ ತೋಳಿಗೆ ಕೆಂಪು ಪಟ್ಟಿ ಕಟ್ಟಿ ಬಂದ ಮೊದಲಿಗ. ರಾದಾ ಬಂದಾಗ ಅದನ್ನು ಗೀತನಾಟಕದ ವೇಷವೆಂದು ನಕ್ಕವನು, ಮುಂದೆ ಯುಕ್ರೇನಿಯನ್ ವ್ಯಾಕರಣದ ಪುಸ್ತಕ ಹಿಡಿದು ಕೂರುತ್ತಾನೆ. ಆಮೇಲೆ ಜರ್ಮನ್ನರ ರೈಲು ಹತ್ತುತ್ತಾನೆ. ಅಲೆಕ್ಸೇಯ್ ತನ್ನ ಭುಜಪಟ್ಟಿಗಳನ್ನು ಕಿತ್ತುಹಾಕಿದರೂ ಟೋಪಿಯ ಮೇಲಿನ ಲಾಂಛನವನ್ನು ಮರೆತು ಗುಂಡೇಟು ತಿನ್ನುತ್ತಾನೆ. ಎಲ್ಲಕ್ಕಿಂತ ದಾರುಣವಾದುದು ಯಾಕೋವ್ ಫೆಲ್ಡ್‌ಮನ್‌ನ ಪ್ರಸಂಗ. ಹೆರಿಗೆಯ ನೋವಿನಲ್ಲಿರುವ ಹೆಂಡತಿಗಾಗಿ ಸೂಲಗಿತ್ತಿಯನ್ನು ಕರೆಯಲು ಹೊರಟ ಈ ಯೆಹೂದಿಯನ್ನು ಪೆಟ್ಲ್ಯೂರಾನ ಸವಾರರು ತಡೆಯುತ್ತಾರೆ. ಗಾಬರಿಯಲ್ಲಿ ಅವನು ಜೇಬಿನಿಂದ ತೆಗೆಯುವುದು ಹಿಂದಿನ ಆಳ್ವಿಕೆಯವರ ಪಡೆಗೆ ಸರಬರಾಜು ಮಾಡುತ್ತಿದ್ದನೆಂಬ ಕಾಗದ. ನಿನ್ನೆಯವರೆಗೆ ಅವನನ್ನು ಕಾಯುತ್ತಿದ್ದ ಚೀಟಿ ಇಂದು ಅವನ ತಲೆ ತೆಗೆಯುತ್ತದೆ. ಟಾಲ್ಬರ್ಗ್‌ನಿಗೆ ವ್ಯಾಕರಣ ಒಂದು ರಹದಾರಿ. ಫೆಲ್ಡ್‌ಮನ್‌ನಿಗೆ ಯಾವ ಭಾಷೆಯ ರಹದಾರಿಯೂ ನೆರವಾಗುವುದಿಲ್ಲ. ಅಸ್ಥಿರತೆಯ ಬೆಲೆಯನ್ನು ಯಾರು ತೆರುತ್ತಾರೆಂಬ ಪ್ರಶ್ನೆಗೆ ಸುಖಾನೊವ್, ಟ್ರಾಟ್ಸ್ಕಿ ಇಬ್ಬರಲ್ಲೂ ಇಷ್ಟು ನೇರವಾದ ಉತ್ತರವಿಲ್ಲ.

ಹೀಗಿದ್ದೂ ಈ ಕಾದಂಬರಿಯಲ್ಲಿ ಒಂದು ದೊಡ್ಡ ಕಿವುಡಿದೆ. ಊಟದ ಮೇಜಿನಲ್ಲಿ ಅಲೆಕ್ಸೇಯ್ ಒಂದು ಪ್ರಸಂಗ ಹೇಳುತ್ತಾನೆ. ರಷ್ಯನ್ ಮರೆತವನಂತೆ ಯುಕ್ರೇನಿಯನ್ ಆಡತೊಡಗಿದ ವೈದ್ಯನೊಬ್ಬನನ್ನು ಅವನು ಕೇಳಿದನಂತೆ: ಯುಕ್ರೇನಿಯನ್ನಿನಲ್ಲಿ ಬೆಕ್ಕಿಗೆ ಏನೆನ್ನುತ್ತಾರೆ? ಉತ್ತರ: 'ಕಿತ್'. ಹಾಗಾದರೆ ತಿಮಿಂಗಿಲಕ್ಕೆ? ರಷ್ಯನ್ನಿನಲ್ಲಿ ತಿಮಿಂಗಿಲವೇ 'ಕಿತ್', ಬೆಕ್ಕು 'ಕೋತ್'. ಆ ವೈದ್ಯ ಕಣ್ಣರಳಿಸಿ ಸುಮ್ಮನಾದ, ಅಂದಿನಿಂದ ನಮಸ್ಕಾರ ಹೇಳುವುದನ್ನೂ ಬಿಟ್ಟ. ಮೇಜಿನ ಸುತ್ತ ನಗು. ಬೆಕ್ಕಿಗೂ ತಿಮಿಂಗಿಲಕ್ಕೂ ವ್ಯತ್ಯಾಸ ಕಾಣದ ಭಾಷೆ!

ಆದರೆ ಯುಕ್ರೇನಿಯನ್ನಿನಲ್ಲಿ ಈ ಎರಡು ಪದಗಳು ಒಂದೇ ಅಲ್ಲ. ಬೆಕ್ಕಿನ ಪದದಲ್ಲಿರುವುದು ನಮ್ಮ ಇಕಾರವನ್ನು ಹೋಲುವ ಸ್ವರ. ತಿಮಿಂಗಿಲದ ಪದದಲ್ಲಿರುವುದು ಇಕಾರ ಎಕಾರಗಳ ನಡುವಿನ ಬೇರೆ ಸ್ವರ. ಬರಹದಲ್ಲೂ ಅವುಗಳಿಗೆ ಬೇರೆ ಬೇರೆ ಅಕ್ಷರಗಳಿವೆ. ವ್ಯತ್ಯಾಸ ಇಲ್ಲದಿರುವುದು ಆ ಭಾಷೆಯಲ್ಲಲ್ಲ, ಕೇಳುವವನ ಕಿವಿಯಲ್ಲಿ. ಳಕಾರವಿಲ್ಲದ ಭಾಷೆಯವನೊಬ್ಬ ಕನ್ನಡಿಗರು ಹಲ್ಲಿಗೂ ಹಳ್ಳಿಗೂ ಒಂದೇ ಪದ ಇಟ್ಟುಕೊಂಡಿದ್ದಾರೆಂದು ನಗೆಯಾಡಿದರೆ ನಾವು ಏನೆನ್ನುತ್ತೇವೆ? ಆ ವೈದ್ಯನ ಮೌನವನ್ನು ಅಲೆಕ್ಸೇಯ್ ಸೋಲು ಎಂದು ಓದುತ್ತಾನೆ. ಅದು, ಯಾವ ಉತ್ತರ ಕೊಟ್ಟರೂ ಕೇಳಿಸದವನ ಎದುರಿಗೆ ನಿಂತವನ ಮೌನವೂ ಆಗಿರಬಹುದು. ಕಾದಂಬರಿ ಆ ಸಾಧ್ಯತೆಗೆ ಜಾಗ ಕೊಡುವುದಿಲ್ಲ; ಆ ವೈದ್ಯ ಮೇಜಿನ ಬಳಿ ಇಲ್ಲವೇ ಇಲ್ಲ.

ಪಾತ್ರದ ಮಾತನ್ನು ಲೇಖಕನ ಮಾತೆಂದು ತಿಳಿಯಬಾರದೆಂಬ ಎಚ್ಚರ ನನಗಿದೆ. ಆದರೆ 1923ರ ಆ ನಗರಬರಹದಲ್ಲಿ ಬುಲ್ಗಾಕೊವ್ ತಮ್ಮದೇ ದನಿಯಲ್ಲಿ, ಕ್ಷೌರದಂಗಡಿಗೆ ಕೀವಿನ ನಾಮಫಲಕಗಳಲ್ಲಿ ನಾಲ್ಕು ಹೆಸರುಗಳಿರುವುದನ್ನು ಲೇವಡಿ ಮಾಡುತ್ತಾರೆ. ಮೂರು ದಶಕ ಅಚ್ಚಿನಿಂದ ದೂರವಿಟ್ಟ ಭಾಷೆಯ ಫಲಕಗಳು ಮೊದಲ ವರ್ಷಗಳಲ್ಲೇ ಒಂದೇ ರೂಪಕ್ಕೆ ಬರಬೇಕೆಂದು ಬಯಸುವುದು ನ್ಯಾಯವೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಕಾದಂಬರಿಯಲ್ಲೂ ಯುಕ್ರೇನಿಯನ್ ಹೆಚ್ಚಾಗಿ ಕೇಳುವುದು ಸೈನಿಕರ ಗದರಿಕೆಯಾಗಿ, ಗುಂಪಿನ ಗದ್ದಲವಾಗಿ. ಪೆಟ್ಲ್ಯೂರಾನ ಕರ್ನಲ್ ಕೊಜಿರ್-ಲೆಶ್ಕೊ ಮೊದಲು ಹಳ್ಳಿಯ ಶಾಲಾಮಾಸ್ತರನಾಗಿದ್ದನೆಂದು ಬುಲ್ಗಾಕೊವ್ ನಾಲ್ಕು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಆ ಶಾಲೆಯಲ್ಲಿ ಅವನು ಯಾವ ಭಾಷೆಯಲ್ಲಿ ಪಾಠ ಹೇಳಬೇಕಾಗಿತ್ತು ಎಂಬುದನ್ನು ಓದುಗನೇ ಕೇಳಿಕೊಳ್ಳಬೇಕು.

ಕಾದಂಬರಿಗೆ ನ್ಯಾಯ ಸಲ್ಲಿಸಲು ಇನ್ನೊಂದು ಮಾತು ಹೇಳಬೇಕು. ಐದನೆಯ ಅಧ್ಯಾಯದಲ್ಲಿ ನಿರೂಪಕ ನಗರವನ್ನು ಬಿಟ್ಟು ಹಳ್ಳಿಗಳತ್ತ ತಿರುಗುತ್ತಾನೆ. ಜರ್ಮನ್ನರು ಕಸಿದ ಧಾನ್ಯ, ಅಧಿಕಾರಿಗಳ ಛಡಿ, ಜಮೀನ್ದಾರರ ಮರಳುವಿಕೆ, ಭೂಮಿ ತಮ್ಮದಾಗಬೇಕೆಂಬ ರೈತರ ಹಟ ಇವೆಲ್ಲ ಅಲ್ಲಿ ಒಂದೇ ಉಸಿರಿಗೆ ಬರುತ್ತವೆ. ಆ ಪುಟಗಳಲ್ಲಿ ಪೆಟ್ಲ್ಯೂರಾ ಒಬ್ಬ ಮನುಷ್ಯನಲ್ಲ, ಆ ಸಿಟ್ಟಿಗೆ ಸಿಕ್ಕ ಒಂದು ಹೆಸರು ಅಷ್ಟೆ. ತುರ್ಬಿನ್ನರಿಗೆ ಗೊತ್ತಿಲ್ಲದ್ದು ಕಾದಂಬರಿಗೆ ಗೊತ್ತಿದೆ. ಸಿಟ್ಟು ಅದಕ್ಕೆ ಕೇಳುತ್ತದೆ. ಆ ಸಿಟ್ಟು ಆಡುವ ಭಾಷೆ ಮಾತ್ರ ಭಾಷೆಯಾಗಿ ಕೇಳುವುದಿಲ್ಲ.

7

ಗಡಿಯ ಕನ್ನಡಿಗನೊಬ್ಬ ಈ ಕಾದಂಬರಿಯನ್ನು ಓದುವಾಗ ಎರಡು ಕಡೆಯಿಂದ ಎಳೆತ ಅನುಭವಿಸುತ್ತಾನೆ. ಅದು ನನ್ನ ಅನುಭವವೂ ಹೌದು. ಮೊದಲ ಓದಿನಲ್ಲಿ ಮನಸ್ಸು ತುರ್ಬಿನ್ನರ ಕಡೆಗೆ. ತಾವು ಕದಲದೆ ಇದ್ದಲ್ಲೇ ಇದ್ದು, ತಮ್ಮ ಸುತ್ತಲಿನ ರಾಜ್ಯ ಕದಲಿ, ಕಚೇರಿಯ ಭಾಷೆ ಬದಲಾಗುವುದೆಂದರೇನೆಂದು 1956ರ ನವೆಂಬರ್ 1ರ ನಂತರ ಕಾಸರಗೋಡಿನವರಿಗೆ, ಅಕ್ಕಲಕೋಟೆ, ಜತ್ತಿನವರಿಗೆ ವಿವರಿಸಬೇಕಾಗಿಲ್ಲ. ಫಲಕ, ಅರ್ಜಿ, ಪಾಠ, ಪರೀಕ್ಷೆ ಇವೆಲ್ಲ ಇನ್ನೊಂದು ಲಿಪಿಗೆ ತಿರುಗಿದ ಮನೆಗಳಲ್ಲಿ ಹೆಂಚಿನ ಒಲೆಯ ಬೆಚ್ಚಗು ಅರ್ಥವಾಗುತ್ತದೆ.

ಎರಡನೆಯ ಓದಿನಲ್ಲಿ ಇನ್ನೊಂದು ಸಂಗತಿ ಎದ್ದುಬರುತ್ತದೆ. ತುರ್ಬಿನ್ನರು ಕಳೆದುಕೊಂಡದ್ದು ತಮ್ಮ ಭಾಷೆಯನ್ನಲ್ಲ. ತಮ್ಮ ಭಾಷೆಯೊಂದೇ ಭಾಷೆಯಾಗಿದ್ದ ಸ್ಥಿತಿಯನ್ನು. ಅವರ ದುಃಖ ನಿಜ, ಆದರೆ ಅದು ನಮ್ಮ ದುಃಖವಲ್ಲ. ನಾವು ಹೋಲುವುದು ಮೇಜಿನ ಬಳಿ ಇಲ್ಲದ ಆ ವೈದ್ಯನನ್ನು. ಹಾಗೆ ಹೇಳಿ ನಿಲ್ಲಿಸಿಬಿಟ್ಟರೆ ಈ ಓದು ನಮಗೆ ಬಹಳ ಅನುಕೂಲಕರವಾಗುತ್ತದೆ. ಮೂರನೆಯ ಓದೊಂದು ಉಳಿದಿದೆ. ನೀಲಗಿರಿಯ ಬಡಗರ ನುಡಿಯನ್ನು ಕನ್ನಡದ ಉಪಭಾಷೆಯೆಂದು ಕರೆಯುವ ವಾದವಿದೆ, ಸ್ವತಂತ್ರ ಭಾಷೆಯೆಂಬ ವಾದವೂ ಇದೆ. ಜನಗಣತಿ ಅದನ್ನು ಕನ್ನಡದ ಕೆಳಗೆ ಎಣಿಸುತ್ತದೆ. ಭಾಷಾಶಾಸ್ತ್ರದ ತೀರ್ಮಾನ ಏನೇ ಇರಲಿ, ಬಡಗವನ್ನೋ ತುಳುವನ್ನೋ ಕೇಳಿ 'ಇದು ಕೆಟ್ಟ ಕನ್ನಡ' ಎಂದು ನಗುವ ಮಾತು ನಮ್ಮ ಮೇಜುಗಳ ಸುತ್ತಲೂ ಕೇಳಿಬರುತ್ತದೆ. ಆ ಕ್ಷಣದಲ್ಲಿ ನಾವು ಅಲೆಕ್ಸೇಯ್ ತುರ್ಬಿನ್ ಆಗುತ್ತೇವೆ. ಅಲ್ಪಸಂಖ್ಯಾತನಾಗಿರುವುದು ಒಂದು ಸ್ಥಾನವೇ ಹೊರತು ಒಂದು ಗುಣವಲ್ಲ ಎಂಬುದನ್ನು ಈ ಕಾದಂಬರಿ, ಬಹುಶಃ ತನ್ನ ಉದ್ದೇಶವನ್ನು ಮೀರಿ, ಕಲಿಸುತ್ತದೆ.

ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ಓದಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸುಖಾನೊವ್ ಕೋಣೆಯನ್ನು ಕಾಣಿಸುತ್ತಾರೆ, ಟ್ರಾಟ್ಸ್ಕಿ ಕೋಣೆಯ ಕೆಳಗಿನ ನೆಲ ಕದಲುವುದನ್ನು. ವಿನ್ನಿಚೆಂಕೊ, ಕೋಣೆಯೊಳಗೆ ಕರೆಯದೇ ಇದ್ದವರು ತಮ್ಮದೊಂದು ಕೋಣೆ ಕಟ್ಟಿ ಅದರೊಳಗೆ ತಮ್ಮ ಜನರನ್ನೇ ಕರೆಯಲಾರದೆ ಹೋದದ್ದನ್ನು ಹೇಳುತ್ತಾರೆ. ಬುಲ್ಗಾಕೊವ್ ಬೀದಿಯಲ್ಲಿ ಸತ್ತವನ ಕೈಯ ಕಾಗದವನ್ನು ಓದಿಸುತ್ತಾರೆ. 2022ರಿಂದೀಚೆಗೆ, ಯುದ್ಧದ ನಡುವೆ, ಕೀವಿನ ಬುಲ್ಗಾಕೊವ್ ಮನೆಯ ವಸ್ತುಸಂಗ್ರಹಾಲಯವನ್ನು ಮುಚ್ಚಬೇಕೆಂದು ಯುಕ್ರೇನಿನ ಲೇಖಕರ ಒಕ್ಕೂಟ ಕೇಳಿದ್ದನ್ನು ಅರ್ಥಮಾಡಿಕೊಳ್ಳಬಹುದು. ಅದನ್ನು ಒಪ್ಪುವುದು ಬೇರೆ ಮಾತು. ಆ ಕಾದಂಬರಿಯನ್ನು ವಿನ್ನಿಚೆಂಕೊ ಪಕ್ಕದಲ್ಲಿಟ್ಟು ಓದುವುದು ಮುಚ್ಚುವುದಕ್ಕಿಂತ ಕಷ್ಟದ ಕೆಲಸ. ವಿಮರ್ಶೆಯ ಪಾಲಿಗೆ ಬರುವುದು ಅದೇ ಕೆಲಸ.

ಕೊನೆಯದಾಗಿ ಅನುವಾದದ ಬಗ್ಗೆ ಒಂದು ಮಾತು. ಈ ಪುಸ್ತಕಗಳು ನಮ್ಮನ್ನು ತಲುಪುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಆ ದಾರಿಯಲ್ಲಿ 'ತಿ' ಮತ್ತು 'ವಿ' ಒಂದೇ ಪದವಾಗುತ್ತವೆ, 'ಕಿತ್'ನ ಎರಡು ಸ್ವರಗಳು ಕಣ್ಮರೆಯಾಗುತ್ತವೆ. ಕನ್ನಡಕ್ಕೆ ನೀನು ಇದೆ, ನೀವು ಇದೆ, ತಾವು ಇದೆ. ಲ ಇದೆ, ಳ ಇದೆ. ಇಂಗ್ಲಿಷಿನಲ್ಲಿ ಅಳಿದುಹೋದದ್ದನ್ನು ಮರಳಿ ಬರೆಯುವ ಸೌಕರ್ಯ ನಮ್ಮ ಅನುವಾದಕರಿಗೆ ಹುಟ್ಟಿನಿಂದಲೇ ಬಂದಿದೆ. ಮೊದಲನೆಯ ಆಜ್ಞಾಪತ್ರದ ಏಳನೆಯ ಅಂಶವನ್ನು ಕನ್ನಡಿಸುವವರು ಟಿಪ್ಪಣಿ ಬರೆಯಬೇಕಾಗಿಲ್ಲ. 'ಸೈನಿಕರನ್ನು ಇನ್ನು ಮುಂದೆ ನೀನು ಎನ್ನಕೂಡದು' ಎಂದಷ್ಟೇ ಬರೆದರೆ ಸಾಕು.